ಬಿಇ ಆದ ಮೇಲೆ ಸೈಕಾಲಜಿ: ಬೀಗ ಇರುವ ಬಾಗಿಲು, ಬೀಗ ಇಲ್ಲದ ಬಾಗಿಲು

ನನ್ನ ಸೋದರಮಾವನ ಮಗ ಗದಗಿನವನು. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾನೆ, ಕೊನೆಯ ವರ್ಷ. ಹೋದ ತಿಂಗಳು ಒಂದು ಭಾನುವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಂದ. ಗಿರ್ಮಿಟ್ ಮುಗಿಯುವ ತನಕ ಪ್ಲೇಸ್‌ಮೆಂಟ್ ಸುದ್ದಿ, ಕ್ರಿಕೆಟ್ ಸುದ್ದಿ. ಚಹಾ ಬಂದ ಮೇಲೆ ಬಾಯಿ ಬಿಟ್ಟ.

"ಅಕ್ಕಾ, ನಾ ಸೈಕಾಲಜಿ ಕಡೆ ಹೋಗ್ಬೇಕಂತ ಮಾಡೇನಿ. ನಾಕ್ ವರ್ಷ ಓದಿದ್ದು ನೀರಾಗ ಹೋಮ ಮಾಡಿದಂಗ ಆಗ್ತೈತೇನು?"

ನನ್ನನ್ನೇ ಕೇಳಲು ಕಾರಣ ಇತ್ತು. ನಾನೂ ಬಿಇ ಮುಗಿಸಿ, ಬೆಂಗಳೂರಲ್ಲಿ ನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಆಮೇಲೆ ದೂರಶಿಕ್ಷಣದಲ್ಲಿ ಸೈಕಾಲಜಿ ಎಂಎ ಮಾಡಿದವಳು. ಈಗ ವಾರದಲ್ಲಿ ಎರಡು ದಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಆಪ್ತಸಮಾಲೋಚಕಿ. ಉಳಿದ ದಿನ ಪ್ರಶ್ನಾವಳಿ ತಯಾರಿಸುವುದು, ಬಂದ ಉತ್ತರಗಳ ಲೆಕ್ಕ ಹಾಕುವುದು. ಅವನಿಗೆ ಎರಡು ತಾಸು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೊಬ್ಬನೇ ಅಲ್ಲ, ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡುವವರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ.

ನೀರಲ್ಲಿ ಹೋಮ ಆಗುತ್ತೋ ಇಲ್ಲವೋ ಅನ್ನೋದು ನೀವು ಯಾವ ಬಾಗಿಲಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲಿದೆ. ಕೆಲವು ಬಾಗಿಲಿಗೆ ಸರ್ಕಾರದ ಬೀಗ ಇದೆ. ಆ ಬೀಗಕ್ಕೆ ನಿಮ್ಮ ಬಿಇ ಕೀಲಿ ಹತ್ತುವುದಿಲ್ಲ, ಒಂದನೇ ಇಯತ್ತೆಯಿಂದ ಶುರು ಮಾಡಬೇಕು. ಇನ್ನು ಕೆಲವಕ್ಕೆ ಬೀಗವೇ ಇಲ್ಲ. ಅಲ್ಲಿ ನೀವು ಕಲಿತ ಗಣಿತ, ಕೋಡಿಂಗ್, ಸಿಗ್ನಲ್ಸ್ ಎಲ್ಲಾ ಬಂಡವಾಳವೇ. ಕಾಲೇಜುಗಳ ಪಟ್ಟಿ ಹುಡುಕುವುದಕ್ಕಿಂತ ಮೊದಲು ಇದನ್ನು ತಿಳಿದುಕೊಳ್ಳಿ.

ಬೀಗ ಇರುವ ಬಾಗಿಲು

ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಎಲ್ಲರೂ ಆರ್‌ಸಿಐ ಅನ್ನುವ ಸಂಸ್ಥೆಯ ನೋಂದಣಿ ಬೇಕು. 1992ರ ಕಾಯ್ದೆಯಿಂದ ಬಂದದ್ದು ಅದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಅಂತ ಹೇಳುವಾಗ ಈ ಪರಿಷತ್ತಿನ ಮಾನ್ಯತೆಯ ಮಾತು ಬರುತ್ತದೆ. ಬರೀ ಸಾಮಾನ್ಯ ಸೈಕಾಲಜಿ ಎಂಎ ಮಾಡಿದರೆ ಈ ನೋಂದಣಿ ಸಿಗಲ್ಲ. ನನಗೂ ಇಲ್ಲ.

ಇಷ್ಟು ವರ್ಷ ದಾರಿ ಹೀಗಿತ್ತು: ಸೈಕಾಲಜಿಯಲ್ಲಿ ಎಂಎ ಅಥವಾ ಎಂಎಸ್ಸಿ ಎರಡು ವರ್ಷ, ಅದರಲ್ಲಿ ಶೇ. 55 ಅಂಕ, ಆಮೇಲೆ ಎರಡು ವರ್ಷದ ಎಂಫಿಲ್. ಎಂಫಿಲ್ ಅಂದರೆ ಪುಸ್ತಕ ಓದುವ ಕೋರ್ಸ್ ಅಲ್ಲ, ಎರಡು ವರ್ಷ ಆಸ್ಪತ್ರೆಯಲ್ಲೇ ದುಡಿಮೆ. ನಮ್ಮ ಪುಣ್ಯಕ್ಕೆ ಅಂಥ ತರಬೇತಿ ಕೊಡುವ ಡಿಮ್ಹಾನ್ಸ್, ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ, ಬೆಳಗಾವಿ ರಸ್ತೆಯಲ್ಲೇ ಇದೆ. 1845ರಲ್ಲಿ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಾಗಿ ಶುರುವಾದ ಜಾಗ ಅದು. ಈಗಲೂ ಹಾವೇರಿ, ಗದಗ ಕಡೆ ಯಾರಾದರೂ ತಲೆಕೆಟ್ಟಂತೆ ಮಾತಾಡಿದರೆ "ಇವನ್ನ ಧಾರವಾಡಕ್ಕ ಒಯ್ಯಬೇಕು ನೋಡು" ಅಂತ ನಗುತ್ತಾರೆ. ಈ ವೃತ್ತಿಗೆ ಬಂದರೆ ಆ ಜೋಕು ನಿಮ್ಮ ಮೇಲೂ ಬೀಳುತ್ತದೆ, ರೂಢಿ ಮಾಡಿಕೊಳ್ಳಿ.

ಈಗ ಎರಡು ಬದಲಾವಣೆ ಆಗಿವೆ. ಎರಡೂ ಇಂಜಿನಿಯರಿಂಗ್‌ನಿಂದ ಬರುವವರಿಗೇ ಜಾಸ್ತಿ ತಟ್ಟುತ್ತವೆ.

ಒಂದು, ಎಂಫಿಲ್ ಪದವಿಯನ್ನೇ ಯುಜಿಸಿ ಕೈಬಿಟ್ಟಿದೆ. ಕ್ಲಿನಿಕಲ್ ಸೈಕಾಲಜಿಗೆ, ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025–26ರ ಪ್ರವೇಶದ ತನಕ ವಿನಾಯಿತಿ ಕೊಟ್ಟಿತ್ತು. ಅದರ ಜಾಗಕ್ಕೆ ಆರ್‌ಸಿಐ ಕ್ಲಿನಿಕಲ್ ಸೈಕಾಲಜಿಯಲ್ಲೇ ಎಂಎ, ಸೈಡಿ (ಡಾಕ್ಟರ್ ಆಫ್ ಸೈಕಾಲಜಿ) ಅಂತ ಹೊಸ ಕೋರ್ಸುಗಳನ್ನು ತಂದಿದೆ. ಯಾವ ಸಂಸ್ಥೆಗೆ ಯಾವ ವರ್ಷ ಮಾನ್ಯತೆ ಇದೆ ಅನ್ನುವ ಪಟ್ಟಿ ಪರಿಷತ್ತಿನ ಜಾಲತಾಣದಲ್ಲಿ ಇರುತ್ತದೆ. ಫೀಸು ಕಟ್ಟುವ ಮುಂಚೆ ಅದನ್ನು ನೋಡಿ. ಪದವಿಯಲ್ಲೇ ಸೈಕಾಲಜಿ ಓದಿರಬೇಕು ಅಂತ ಷರತ್ತು ಇದೆಯಾ ಅಂತಲೂ ನೋಡಿ. ಇದ್ದರೆ, ಮೂರು ವರ್ಷದ ಬಿಎ ಮತ್ತೆ ಮಾಡಲು ಮನಸ್ಸು ಗಟ್ಟಿ ಇದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಎರಡು, ನಾನು ಬಂದ ದಾರಿ ಮುಚ್ಚಿಹೋಯಿತು. ಯಾವ ಪದವಿ ಇದ್ದರೂ ದೂರಶಿಕ್ಷಣದಲ್ಲಿ ಸೈಕಾಲಜಿ ಎಂಎ ಮಾಡಬಹುದಿತ್ತು. ನನ್ನಂಥ ಎಷ್ಟೋ ಇಂಜಿನಿಯರುಗಳು ಕೆಲಸ ಬಿಡದೆ ಹಾಗೇ ಓದಿದರು. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲೀ ಆನ್‌ಲೈನಿನಲ್ಲಾಗಲೀ ಕಲಿಸಬಾರದು ಅಂತ ಯುಜಿಸಿ ಹೇಳಿಬಿಟ್ಟಿದೆ. ಹೀಗಾಗಿ "ಶನಿವಾರ ಭಾನುವಾರ ಓದ್ತೀನಿ" ಅನ್ನುವ ಲೆಕ್ಕ ಇನ್ನು ನಡೆಯಲ್ಲ. ಎರಡು ವರ್ಷ ಕ್ಲಾಸಿನಲ್ಲೇ ಕೂರಬೇಕು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಇದೆ. ಒಂದು ದಿನ ರಜೆ ಹಾಕಿ ವಿಭಾಗಕ್ಕೇ ಹೋಗಿ, ಬಿಇ ಆದವರಿಗೆ ಈ ವರ್ಷ ಪ್ರವೇಶದ ನಿಯಮ ಏನು ಅಂತ ಕೇಳಿ. ಫೋನಿನಲ್ಲಿ ಕೇಳಿದ್ದಕ್ಕೂ ಎದುರಿಗೆ ನಿಂತು ಕೇಳಿದ್ದಕ್ಕೂ ನಮ್ಮ ಕಡೆ ಬಹಳ ವ್ಯತ್ಯಾಸ ಇದೆ, ಅಲ್ವಾ. ಹೊರಗೆ ಹೋಗಲು ತಯಾರಿದ್ದರೆ ಸಿಯುಇಟಿ ಪಿಜಿ ಬರೆದು ಕೇಂದ್ರೀಯ ವಿಶ್ವವಿದ್ಯಾಲಯಗಳ ಕಡೆ ನೋಡಬಹುದು.

ಈ ಬಾಗಿಲಲ್ಲಿ ಇಂಜಿನಿಯರಿಂಗ್ ಸುಮ್ನೆ ಉಪಯೋಗಕ್ಕೆ ಬರಲ್ಲ ಅನ್ನೋದಷ್ಟೇ ಅಲ್ಲ, ಮೊದಮೊದಲು ಅಡ್ಡವೇ ಬರುತ್ತದೆ. ನನ್ನದೇ ಕಥೆ ಹೇಳುತ್ತೇನೆ. ಎಂಎ ಪ್ರ್ಯಾಕ್ಟಿಕಲ್‌ನಲ್ಲಿ ಭಾಟಿಯಾ ಬ್ಯಾಟರಿ ಅನ್ನುವ ಬುದ್ಧಿ ಪರೀಕ್ಷೆ ಮಾಡಿಸಬೇಕಿತ್ತು. (ಹೆಸರು ಕೇಳಿ ನನಗೂ ಸೆಲ್ಲು, ವೋಲ್ಟೇಜೇ ನೆನಪಾಗಿತ್ತು.) ಅದರಲ್ಲಿ ಬಣ್ಣ ಬಳಿದ ಕಟ್ಟಿಗೆಯ ಘನಗಳಿರುತ್ತವೆ. ಕಾರ್ಡಿನ ಮೇಲಿನ ಚಿತ್ತಾರ ನೋಡಿ ಹಾಗೇ ಜೋಡಿಸಬೇಕು. ಎದುರಿಗೆ ಹನ್ನೆರಡು ವರ್ಷದ ಹುಡುಗ. ನನ್ನ ಕೈಯಲ್ಲಿ ಸ್ಟಾಪ್‌ವಾಚ್. ನಾನು ಪಕ್ಕಾ ಟೆಸ್ಟಿಂಗ್ ಇಂಜಿನಿಯರ್, ಕಣ್ಣು ವಾಚಿನ ಮೇಲಿಂದ ಕದಲಲಿಲ್ಲ. ಸೆಕೆಂಡು ಬರೆದುಕೊಂಡೆ, ತಪ್ಪು ಸರಿ ಬರೆದುಕೊಂಡೆ. ಮುಗಿದ ಮೇಲೆ ಪಕ್ಕದಲ್ಲಿ ಕೂತಿದ್ದ ಮೇಡಂ ಕೇಳಿದರು: "ಮೂರನೇ ಕಾರ್ಡಿಗೆ ಹುಡುಗ ಕೈ ಯಾಕ ಹಿಂದ ತಗೊಂಡ?" ನನಗೆ ಗೊತ್ತಿರಲಿಲ್ಲ. ನಾನು ನೋಡಿಯೇ ಇರಲಿಲ್ಲ. ಅವನು ಆ ಕಾರ್ಡನ್ನು ಸರಿಯಾಗೇ ಜೋಡಿಸಿದ್ದ. ಆಮೇಲೆ ನನ್ನ ಮುಖ ನೋಡಿದ್ದ, ನಾನು ವಾಚು ನೋಡುತ್ತಿದ್ದೆ, ತಪ್ಪಾಯಿತೇನೋ ಅಂತ ಎಲ್ಲಾ ಕಿತ್ತು ಮತ್ತೆ ಜೋಡಿಸಲು ಹೋಗಿದ್ದ. ನನ್ನ ಹಾಳೆಯಲ್ಲಿ ಅದು ಬರೀ "ನಿಧಾನ" ಅಂತ ದಾಖಲಾಗಿತ್ತು.

ಇನ್ನೊಂದು ಚಾಳಿ, ಪರಿಹಾರ ಕೊಡುವುದು. ಎದುರಿಗಿದ್ದವರು "ನಿದ್ದಿ ಬರಂಗಿಲ್ರಿ" ಅಂದ ಕೂಡಲೇ ನಮ್ಮ ತಲೆ ಬಗ್ ಹುಡುಕಲು ಹೊರಡುತ್ತದೆ. ಮೊಬೈಲ್ ನೋಡ್ತೀರಾ? ಚಹಾ ಎಷ್ಟು ಕುಡೀತೀರಿ? ಅವರು ಇನ್ನೂ ಮಾತು ಶುರುವೇ ಮಾಡಿರುವುದಿಲ್ಲ. ಇದನ್ನು ಬಿಡಲು ನನಗೆ ವರ್ಷಗಟ್ಟಲೆ ಹಿಡಿಯಿತು. ಒಬ್ಬರ ಎದುರು ಒಂದು ತಾಸು, ಏನೂ ಸರಿಮಾಡದೆ ಕೂರಲು ನಿಮ್ಮಿಂದ ಆಗುತ್ತೆ ಅನ್ನಿಸಿದರೆ ಮಾತ್ರ ಈ ಬಾಗಿಲಿಗೆ ಬನ್ನಿ. ಆಗದಿದ್ದರೆ ಅದೇನು ಅಪರಾಧವಲ್ಲ. ಬೇರೆ ಬಾಗಿಲುಗಳಿವೆ.

ನಡುವಿನ ಕಳ್ಳ ಕಿಂಡಿ

ಮೊದಲು ಒಂದು ಎಚ್ಚರಿಕೆ. ಆರು ವಾರದಲ್ಲಿ "ಸರ್ಟಿಫೈಡ್ ಸೈಕಾಲಜಿಸ್ಟ್" ಮಾಡುತ್ತೇವೆ ಅನ್ನುವ ಕೋರ್ಸುಗಳು ಬೇಕಾದಷ್ಟಿವೆ. ನಾನೂ ಎಂಎಗೆ ಮುಂಚೆ ಅಂಥದ್ದೊಂದಕ್ಕೆ ಒಂದು ತಿಂಗಳ ಸಂಬಳ ಸುರಿದೆ. ಬಂದದ್ದು ರೆಕಾರ್ಡ್ ಮಾಡಿದ ವಿಡಿಯೋಗಳು, ಚಿನ್ನದ ಬಣ್ಣದ ಅಂಚಿನ ಒಂದು ಪ್ರಮಾಣಪತ್ರ. ಅದನ್ನು ನೋಡಿ ಯಾರೂ ಕೆಲಸ ಕೊಡಲಿಲ್ಲ, ಕೊಡಬಾರದು ಕೂಡ. ಆಸಕ್ತಿ ಇದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿಕೊಳ್ಳಲು ಸ್ವಯಂ, ಎನ್‌ಪಿಟಿಇಎಲ್ ಅನ್ನುವ ಸರ್ಕಾರದ ಕಲಿಕಾ ತಾಣಗಳಲ್ಲಿ ಐಐಟಿ ಅಧ್ಯಾಪಕರ ಪಾಠಗಳೇ ಸಿಗುತ್ತವೆ. ನೋಡಲು ದುಡ್ಡು ಬೇಡ.

ಬೀಗ ಇಲ್ಲದ ಬಾಗಿಲು: ಅಳೆಯುವವರು

ನನ್ನ ಲೆಕ್ಕದಲ್ಲಿ ಇಂಜಿನಿಯರಿಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗುವ ಜಾಗ ಇದು. ಆದರೂ ಇದರ ಬಗ್ಗೆ ಕೇಳಿಕೊಂಡು ಬರುವವರು ಯಾರೂ ಇಲ್ಲ. ಸೈಕೋಮೆಟ್ರಿಕ್ಸ್, ಅಂದರೆ ಮನಸ್ಸಿನ ಗುಣಗಳನ್ನು ಅಳೆಯುವ ವಿದ್ಯೆ. ಅದನ್ನು ಕಟ್ಟಿದವರಲ್ಲೊಬ್ಬರಾದ ಲೂಯಿ ಥರ್ಸ್ಟನ್ ಓದಿದ್ದೇ ಇಂಜಿನಿಯರಿಂಗ್. 1912ರಲ್ಲಿ ಕಾರ್ನೆಲ್‌ನಲ್ಲಿ ಪದವಿ ಪಡೆದು, ಸ್ವಲ್ಪ ದಿನ ಥಾಮಸ್ ಎಡಿಸನ್ ಹತ್ತಿರ ಕೆಲಸ ಮಾಡಿ, ಆಮೇಲೆ ಶಿಕಾಗೋದಲ್ಲಿ ಸೈಕಾಲಜಿ ಪಿಎಚ್‌ಡಿ ಮಾಡಿದರು. ಬುದ್ಧಿ ಅನ್ನುವುದು ಒಂದೇ ಗುಣವೋ ಹಲವು ಗುಣಗಳ ಜೋಡಣೆಯೋ ಅನ್ನುವ ಪ್ರಶ್ನೆಗೆ ಅವರು ಮ್ಯಾಟ್ರಿಕ್ಸ್ ಹಿಡಿದು ಉತ್ತರ ಹುಡುಕಿದರು. ಆ ಲೆಕ್ಕಕ್ಕೆ ಫ್ಯಾಕ್ಟರ್ ಅನಾಲಿಸಿಸ್ ಅಂತ ಹೆಸರು. ಎಂ3, ಅಂದರೆ ಬಿಇಯ ಮೂರನೇ ಗಣಿತ ಪೇಪರಿನಲ್ಲಿ ಬೈದುಕೊಂಡು ಕಲಿತ ಐಗನ್ ವ್ಯಾಲ್ಯೂ ಇದೆಯಲ್ಲ, ಫ್ಯಾಕ್ಟರ್ ಅನಾಲಿಸಿಸ್‌ನ ಹೊಟ್ಟೆಯಲ್ಲಿ ಇರುವುದು ಅದೇ. ನನ್ನ ಜೊತೆ ಬಿಎ ಮಾಡಿ ಬಂದವರು ಎಂಎ ಅಂಕಿಅಂಶದ ಪೇಪರಿಗೆ ಹೆದರುತ್ತಿದ್ದರು. ನನಗೆ ಅದೊಂದೇ ಪೇಪರು ಹಬ್ಬ.

ನಮ್ಮೂರಿನದೇ ಉದಾಹರಣೆ ಬೇಕಾ? ಹುಬ್ಬಳ್ಳಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು. ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ಓದುವ ಎಷ್ಟು ಹುಡುಗರು ಸಹಾಯಕ ಲೋಕೋ ಪೈಲಟ್ ಪರೀಕ್ಷೆ ಬರೆಯುತ್ತಾರೋ ಲೆಕ್ಕವಿಲ್ಲ. ಅದರಲ್ಲಿ ಬರುವ ಕಂಪ್ಯೂಟರ್ ಆಪ್ಟಿಟ್ಯೂಡ್ ಟೆಸ್ಟ್ ಶುದ್ಧ ಸೈಕಾಲಜಿ: ಗಮನ, ನೆನಪು, ಕಣ್ಣಿನ ಚುರುಕು. ಪ್ರತಿ ಭಾಗದಲ್ಲೂ ಕಡಿಮೆ ಅಂದರೆ 42 ಟಿ-ಸ್ಕೋರ್ ಬೇಕು, ಯಾವ ವರ್ಗಕ್ಕೂ ರಿಯಾಯಿತಿ ಇಲ್ಲ. ಟಿ-ಸ್ಕೋರ್ ಅಂದರೆ ಸರಾಸರಿಯನ್ನು 50 ಅಂತ, ಸ್ಟ್ಯಾಂಡರ್ಡ್ ಡಿವಿಯೇಷನ್ (ಅಂಕಗಳು ಎಷ್ಟು ಹರಡಿವೆ ಅನ್ನುವ ಅಳತೆ) ಅನ್ನು 10 ಅಂತ ಹಿಡಿದು ಅಂಕ ಬದಲಿಸುವುದು. 42 ಅಂದರೆ ಸರಾಸರಿಗಿಂತ 0.8 ಡಿವಿಯೇಷನ್ ಕೆಳಗೆ. ಇಂಥ ಪರೀಕ್ಷೆ ಕಟ್ಟಲು ರೈಲ್ವೆಯ ಸಂಶೋಧನಾ ಸಂಸ್ಥೆಯಾದ ಲಖನೌದ ಆರ್‌ಡಿಎಸ್‌ಒದಲ್ಲಿ ಸೈಕೋ-ಟೆಕ್ನಿಕಲ್ ಅಂತ ಒಂದು ವಿಭಾಗವೇ ಇದೆ.

ಕನ್ನಡದಲ್ಲಿ ಈ ಕೆಲಸ ಇನ್ನೂ ರಾಶಿ ಉಳಿದಿದೆ. ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಹಾಳೆ ಇದೆ. ಹೋದ ಎರಡು ವಾರದಲ್ಲಿ ಹೇಗಿತ್ತು ಅಂತ ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 27. ಮೊದಲನೇ ಪ್ರಶ್ನೆಯೇ "ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯಾ" ಅನ್ನುವ ಅರ್ಥದ್ದು. ಒಮ್ಮೆ ಇಂಥದ್ದೇ ಪ್ರಶ್ನೆಯನ್ನು ಹಾವೇರಿ ಕಡೆಯ ಒಬ್ಬ ರೈತರಿಗೆ ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಆಸಕ್ತಿ ಇದ್ರೇನು ಬಿಟ್ರೇನು ತಂಗಿ, ಹೊಲಕ್ಕ ಹೋಗೂದು ತಪ್ಪತೈತೇನು?" ಅಂದರು. ಅವರು ಸೊನ್ನೆ ಹಾಕಿಸಿದರು. ಆಮೇಲೆ ಹತ್ತು ನಿಮಿಷ ಮಾತಾಡುವಾಗ ಹೇಳಿದರು, ಭಜನಿಗೆ ಹೋಗೂದು ಬಿಟ್ಟೇನಿ, ಎದಿ ಭಾರ ಆಗೈತಿ, ಯಾರ ಕೂಡ ಮಾತು ಬ್ಯಾಡನಸ್ತೈತಿ ಅಂತ. ಪ್ರಶ್ನೆ ಸರಿಯಾಗಿ ಅನುವಾದ ಆಗಿತ್ತು. ಅಳೆಯಬೇಕಾದ್ದನ್ನು ಅಳೆಯಲಿಲ್ಲ. ಭಜನೆಯ ಬಗ್ಗೆ ಕೇಳಿದ್ದರೆ ಅಳೆಯುತ್ತಿತ್ತೋ ಏನೋ. ಇದನ್ನು ಊಹೆಗೆ ಬಿಡದೆ ನೂರಾರು ಜನರ ಉತ್ತರ ತಗೊಂಡು, ಯಾವ ಪ್ರಶ್ನೆ ಯಾವುದರ ಜೊತೆ ಹೋಗುತ್ತದೆ ಅಂತ ಲೆಕ್ಕ ಹಾಕಿ ತೋರಿಸುವವರೇ ಸೈಕೋಮೆಟ್ರಿಷಿಯನ್. ಪೈಥಾನ್ ಅಥವಾ ಆರ್ ಕೋಡಿಂಗ್ ಬರುವ, ಉತ್ತರ ಕರ್ನಾಟಕದ ಮಾತು ಕಿವಿಗೆ ಬಿದ್ದು ಬೆಳೆದ ಒಬ್ಬರು ಇಲ್ಲಿ ಮಾಡಬಹುದಾದ್ದು ಬಹಳ ಇದೆ.

ಕೆಲಸ ಕೊಡುವವರು ಯಾರು ಅಂದರೆ: ನೇಮಕಾತಿ ಪರೀಕ್ಷೆ ಮಾಡುವ ಕಂಪನಿಗಳು, ಶಿಕ್ಷಣದ ಮೌಲ್ಯಮಾಪನ ಮಾಡುವವರು, ಆರೋಗ್ಯ ಸಂಶೋಧನಾ ತಂಡಗಳು, ದೊಡ್ಡ ಕಂಪನಿಗಳ ಎಚ್‌ಆರ್ ಡೇಟಾ ವಿಭಾಗಗಳು. ಬಹುಪಾಲು ಬೆಂಗಳೂರೇ. ಆದರೆ ಮನೆಯಿಂದ ಮಾಡಬಹುದಾದ ಕೆಲಸ. ನಾನು ಧಾರವಾಡದಿಂದಲೇ ಮಾಡುತ್ತೇನೆ. ಸೈಕಾಲಜಿ ಎಂಎ ಇದ್ದರೆ ಒಳ್ಳೆಯದು, ಇಲ್ಲದೆಯೂ ಶುರು ಮಾಡಿದವರನ್ನು ಕಂಡಿದ್ದೇನೆ.

ಯಂತ್ರ ಮತ್ತು ಹೆಬ್ಬೆರಳು

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಹೊಟ್ಟೆಯ ಮೇಲೆ ಕುಸಿದು ಬೀಳುತ್ತಿದ್ದವು. ಪೈಲಟ್‌ಗಳ ತಪ್ಪು ಅಂತಲೇ ವರದಿ. ಆಲ್ಫಾನ್ಸ್ ಚಪಾನಿಸ್ ಅನ್ನುವ ಸೈಕಾಲಜಿಸ್ಟ್ ಕಾಕ್‌ಪಿಟ್‌ಗೆ ಹೋಗಿ ನೋಡಿದರು. ರೆಕ್ಕೆಯ ಫ್ಲ್ಯಾಪ್ ಸ್ವಿಚ್ಚು, ಚಕ್ರದ ಸ್ವಿಚ್ಚು ಎರಡೂ ಅಕ್ಕಪಕ್ಕ, ಎರಡೂ ಒಂದೇ ಥರ. ದಣಿದ ಪೈಲಟ್ ಫ್ಲ್ಯಾಪ್ ಬದಲು ಚಕ್ರ ಮಡಚಿಬಿಡುತ್ತಿದ್ದ. ಅವರು ಒಂದಕ್ಕೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ರೆಕ್ಕೆಯ ಆಕಾರದ ತುಂಡು ಅಂಟಿಸಿದರು. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುವಂತೆ. ಆ ತಪ್ಪು ನಿಂತೇಹೋಯಿತು.

ಇವತ್ತು ಯೂಸರ್ ರಿಸರ್ಚ್, ಯುಎಕ್ಸ್, ಎರ್ಗಾನಮಿಕ್ಸ್ ಅಂತ ಕರೆಯುವುದು ಇದೇ ಗುಣದ ಕೆಲಸ. ಗದಗ ಬಸ್ಸಿನಲ್ಲಿ ನಿಂತು ಕಂಡಕ್ಟರ್ ಕೈ ನೋಡಿ. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಟಿಕೆಟ್ ಯಂತ್ರ, ಬಸ್ಸು ಕುಲುಕುತ್ತಿದೆ, ಹೆಬ್ಬೆರಳೊಂದೇ ಓಡುತ್ತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಬೇರೆ. ಗುಂಡಿ ಎಷ್ಟು ದೂರ ಇದೆ, ಎಷ್ಟು ದೊಡ್ಡದಿದೆ ಅನ್ನುವುದರ ಮೇಲೆ ಬೆರಳಿಗೆ ಹಿಡಿಯುವ ಸಮಯ ನಿಂತಿದೆ ಅಂತ ಪಾಲ್ ಫಿಟ್ಸ್ 1954ರಲ್ಲೇ ಸೂತ್ರ ಕೊಟ್ಟರು. ಸೂತ್ರ ಬಂದದ್ದು ಶ್ಯಾನನ್‌ರ ಇನ್ಫರ್ಮೇಷನ್ ಥಿಯರಿಯಿಂದ. ಎಲೆಕ್ಟ್ರಾನಿಕ್ಸ್‌ನವರಿಗೆ ಅದು ಹಳೇ ಪರಿಚಯ.

ಈ ದಾರಿಗೆ ಹೋಗುವವರು ಸಿಇಇಡಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐಐಟಿ ಅಥವಾ ಐಐಎಸ್ಸಿಯ ಎರಡು ವರ್ಷದ ಎಂ.ಡೆಸ್ (ಡಿಸೈನ್‌ನಲ್ಲಿ ಸ್ನಾತಕೋತ್ತರ ಪದವಿ) ಮಾಡಬಹುದು. ಪರೀಕ್ಷೆ ಜನವರಿಯಲ್ಲಿ ನಡೆಯುತ್ತದೆ, ಚಿತ್ರ ಬಿಡಿಸಲು ಬರಬೇಕು, ಅದಕ್ಕೆ ಈಗಿಂದಲೇ ಕೈ ಪಳಗಿಸಿ. ಅಥವಾ ಇರುವ ಸಾಫ್ಟ್‌ವೇರ್ ಕೆಲಸದಲ್ಲೇ ಆ ತಂಡದ ಕಡೆ ಸರಿಯಬಹುದು. ಖರ್ಚಿಲ್ಲದ ದಾರಿ ಎರಡನೆಯದು. ಬೇಗ ಸಂಬಳ ಬೇಕಾದವರಿಗೆ ನಾನು ಹೇಳುವುದು ಅದನ್ನೇ.

ಸಂಶೋಧನೆ

ಮಿದುಳು ಹೇಗೆ ಲೆಕ್ಕ ಹಾಕುತ್ತದೆ ಅನ್ನುವ ಹುಚ್ಚು ಇದ್ದರೆ ಕಾಗ್ನಿಟಿವ್ ಸೈನ್ಸ್. ಐಐಟಿ ಗಾಂಧಿನಗರದಲ್ಲಿ ಎಂಎಸ್ಸಿ ಇದೆ, ಐಐಟಿ ಕಾನ್ಪುರದಲ್ಲಿ ವಿಭಾಗವೇ ಇದೆ. ಬೇರೆ ಬೇರೆ ಓದಿನಿಂದ ಬಂದವರನ್ನು ತಗೊಳ್ಳುವ ಶಾಸ್ತ್ರ ಇದು, ಇಂಜಿನಿಯರುಗಳಿಗೆ ಅಲ್ಲಿ ಸಂಕೋಚ ಇಲ್ಲ. ಆದರೆ ಮುಂದೆ ಪಿಎಚ್‌ಡಿ, ಅಂದರೆ ಇನ್ನೂ ಐದಾರು ವರ್ಷ. ಮನೆಯ ಸಾಲ ತೀರಿಸಬೇಕಾದವರು ಎರಡು ಸಲ ಯೋಚಿಸಿ.

ನನ್ನ ಎರಡು ದಿನ

ಕಾಲೇಜಿನ ಆಪ್ತಸಮಾಲೋಚನೆ ಬೀಗ ಇರುವ ಬಾಗಿಲು, ಬೀಗ ಇಲ್ಲದ ಬಾಗಿಲು ಎರಡರ ನಡುವಿನ ಜಾಗ. ಕ್ಲಿನಿಕಲ್ ನೋಂದಣಿ ಬೇಡ, ಆದರೆ ಎಂಎ ಬೇಕು, ಮೇಲ್ವಿಚಾರಣೆಯಲ್ಲಿ ಕಲಿತಿರಬೇಕು. ತನ್ನ ಮಿತಿ ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿರಬೇಕು. ಜೀವಕ್ಕೆ ಅಪಾಯ ಅನ್ನಿಸಿದ ದಿನ ನಾನು ಡಿಮ್ಹಾನ್ಸ್‌ಗೆ ಕಳಿಸುತ್ತೇನೆ, ಜೊತೆಗೇ ಹೋಗಿದ್ದೂ ಇದೆ. ರಾತ್ರಿ ಹೊತ್ತಿಗೆ ಅಂತ ಎಲ್ಲರ ಮೊಬೈಲಿನಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಉಳಿಸಿಕೊಳ್ಳಲು ಹೇಳುತ್ತೇನೆ.

ಇಲ್ಲಿ ಮಾತ್ರ ನನ್ನ ಬಿಇ ನಾನು ಅಂದುಕೊಳ್ಳದ ರೀತಿಯಲ್ಲಿ ಕೈಹಿಡಿಯಿತು. ಒಂದು ಹುಡುಗಿ ಬಂದು "ಮ್ಯಾಮ್, ಎಂ3 ಮತ್ತ ಹೋಯ್ತು" ಅಂದರೆ, ಮೂರನೇ ಸಲ ಅದೇ ಪೇಪರಿನ ಹಾಲ್ ಟಿಕೆಟ್ ತಗೊಳ್ಳುವುದು ಹೇಗಿರುತ್ತೆ ಅಂತ ನನಗೆ ವಿವರಿಸಬೇಕಾಗಿಲ್ಲ. ಇಯರ್ ಬ್ಯಾಕ್ (ಪೇಪರು ಬಾಕಿ ಉಳಿದು ಒಂದು ವರ್ಷ ಹಿಂದೆ ಬೀಳುವುದು) ಅಂದರೇನು ಅಂತ ಕೇಳಬೇಕಾಗಿಲ್ಲ. ಅವಳ ಮಾತು ಅಲ್ಲಿಂದ ಮುಂದೆ ಶುರುವಾಗುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ಇಷ್ಟೊಂದು ಇಂಜಿನಿಯರಿಂಗ್ ಕಾಲೇಜುಗಳಿವೆ. ಆ ಮಕ್ಕಳ ಭಾಷೆ ಬಲ್ಲ ಸಮಾಲೋಚಕರು ಬೆರಳೆಣಿಕೆ.

ಸಂಬಳದ ವಿಷಯ ಮುಚ್ಚಿಡಲ್ಲ. ಬರೀ ಈ ಎರಡು ದಿನದ ಕೆಲಸದಿಂದ ಮನೆ ನಡೆಯಲ್ಲ. ಮೊದಲ ವರ್ಷ ನನಗೆ ಒಟ್ಟು ಬಂದದ್ದು ಟೆಸ್ಟಿಂಗ್‌ನಲ್ಲಿ ಸಿಗುತ್ತಿದ್ದುದರ ಅರ್ಧಕ್ಕಿಂತ ಕಡಿಮೆ. ಪ್ರಶ್ನಾವಳಿಯ ಲೆಕ್ಕದ ಕೆಲಸ ಬಂದ ಮೇಲೆಯೇ ಉಸಿರಾಡಿದೆ. ಮಾವನ ಮಗನಿಗೂ ಅದನ್ನೇ ಹೇಳಿದೆ: ಮೊದಲು ಎರಡು ವರ್ಷ ಕೆಲಸ ಮಾಡು, ಎರಡು ವರ್ಷದ ಫೀಸು ಮತ್ತು ಊಟದ ದುಡ್ಡು ಕೂಡಿಸು, ಅಷ್ಟರಲ್ಲಿ ರಜೆ ಇದ್ದಾಗ ಎಲ್ಲಾದರೂ ಜನರ ಎದುರು ಕೂರುವ ಸ್ವಯಂಸೇವೆ ಮಾಡು. ಕೂತಾಗ ನಿನ್ನ ಕಣ್ಣು ಅವರ ಮುಖದ ಮೇಲಿತ್ತೋ, ಪ್ರಶ್ನಾವಳಿಯ ಮೇಲಿತ್ತೋ, ಅವರ ಕೈಯಲ್ಲಿದ್ದ ಮೊಬೈಲಿನ ಮೇಲಿತ್ತೋ ಅಂತ ಮನೆಗೆ ಬಂದು ಬರೆದಿಡು. ಮೂರಕ್ಕೂ ಬೇರೆ ಬೇರೆ ಬಾಗಿಲಿದೆ.

ಅವನು ಎಲ್ಲಾ ಕೇಳಿಸಿಕೊಂಡ. ಟೋಲ್ ನಾಕಾ ತನಕ ಬಿಡಲು ಹೋದೆ. ಬಸ್ಸು ಬರುವ ಹೊತ್ತಿಗೆ ನಿಜವಾದ ಪ್ರಶ್ನೆ ಹೊರಬಂತು: "ಅದೆಲ್ಲಾ ಸರಿ ಅಕ್ಕಾ. ಅಪ್ಪಗ ಯಾರು ಹೇಳೋರು?"

ಮಾವನಿಗೆ ನಾನೇ ಫೋನ್ ಮಾಡಿದೆ. ಅವರು ಐದು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ ಅಂದರು: "ಹಂಗಾರ ಅಂವಾ ಡಾಕ್ಟರ್ ಆಗೂದಿಲ್ಲ, ಇಂಜಿನಿಯರೂ ಇರೂದಿಲ್ಲ. ಲಗ್ನದ ಪತ್ರಿಕಿಯಾಗ ಏನಂತ ಹಾಕಸೂಣು?" ಬಿಇ, ಎಂಎ ಅಂತ ಹಾಕಿಸಿ ಮಾವಾ, ಅಂದೆ. "ಎರಡ್ ಡಿಗ್ರಿ ಆದ್ವಲಾ" ಅಂದರು. ದನಿ ಸ್ವಲ್ಪ ಮೆತ್ತಗಾಗಿತ್ತು.